“ಪಪ್ಪ, ಓಡ್ಲಾ?”

ಕಳೆದ ಜೂನ್‌ನಲ್ಲಿ ಮಗನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಕೆಮ್ಮಿಗೆ. ರಜೆ ಮುಗಿದು ನರ್ಸರಿ ಮತ್ತೆ ಶುರುವಾಗಿ ನಾಲ್ಕನೇ ದಿನ. ಹೊರಗೆ ಜೋರು ಮಳೆ, ಒಳಗೆ ಕ್ಲಿನಿಕ್ ತುಂಬ ಮೂಗು ಸೋರುವ ಮಕ್ಕಳು. ಡಾಕ್ಟರು ಎದೆ ಪರೀಕ್ಷೆ ಮಾಡಿ, “ಮದ್ದು ಎಂತದೂ ಬೇಡ, ಮೂರು ದಿನ ನೋಡಿ” ಅಂದರು. ನಾನು ಏಳಲು ಹೊರಟೆ. ಆಗ ಅವರು ಮಗನನ್ನೇ ನೋಡುತ್ತಾ, “ಇವನ ಎತ್ತರ ಅಳೆದು ಎಷ್ಟು ಸಮಯ ಆಯ್ತು?” ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ತೂಕ ಗೊತ್ತಿತ್ತು. ತೂಕವನ್ನು ಮನೆಯಲ್ಲಿ ಎಲ್ಲರೂ ಸಂತೋಷದಿಂದ ಹೇಳುತ್ತಿದ್ದರು. ಎತ್ತರವನ್ನು ಯಾರೂ ಕೇಳಿರಲಿಲ್ಲ.

ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಅಳೆದರು. 102.1 ಸೆಂಟಿಮೀಟರ್. ತೂಕ 19.7 ಕಿಲೋ. ಮಗನಿಗೆ ಆಗ 3 ವರ್ಷ 10 ತಿಂಗಳು. ನಾನು ಫೈಲಿನಿಂದ ತಾಯಿ ಕಾರ್ಡ್ ತೆಗೆದು ಕೊಟ್ಟೆ. ಅದರಲ್ಲಿ ತೂಕ ಗುರುತು ಹಾಕುವ ಚಾರ್ಟಿನಲ್ಲಿ ಅವನ ಚುಕ್ಕೆಗಳೆಲ್ಲ ಹಸಿರು ಬಣ್ಣದಲ್ಲೇ ಇದ್ದವು. ಹಸಿರು ಅಂದರೆ ಒಳ್ಳೆಯದು ಅಂತಲೇ ನಾವು ತಿಳಿದಿದ್ದದ್ದು.

ಡಾಕ್ಟರು ಸಮಾಧಾನದಿಂದ ವಿವರಿಸಿದರು. ಆ ಕಾರ್ಡಿನ ಚಾರ್ಟ್ ವಯಸ್ಸಿಗೆ ತೂಕ ಎಷ್ಟು ಅಂತ ನೋಡುವಂಥದ್ದು. ಮಗು ಸೊರಗುತ್ತಿದೆಯಾ ಅಂತ ಬೇಗ ಗೊತ್ತಾಗಲಿ ಅಂತ ಮಾಡಿದ್ದು. ನಮ್ಮ ದೇಶಕ್ಕೆ ಅದು ಬೇಕೇ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35ಕ್ಕಿಂತ ಜಾಸ್ತಿ ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ತೂಕ ಮೀರಿದ ಮಕ್ಕಳು 3.4. ಕಡಿಮೆಯೇ. ಆದರೆ ಹಿಂದಿನ ಸಮೀಕ್ಷೆಯಲ್ಲಿ ಅದು 2.1 ಇತ್ತು. ತೂಕ ಮೇಲೆ ಹೋಗುತ್ತಿರುವ ಮಗುವನ್ನು ನೋಡಬೇಕಾದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಬೇರೆ ಚಾರ್ಟ್ ಬೇಕು. ಅವರು ಅದನ್ನು ತೆಗೆದು ಚುಕ್ಕೆ ಹಾಕಿದರು. ನಡುವಿನ ಗೆರೆ, ಅದರ ಮೇಲೆ ಒಂದು, ಎರಡು, ಮೂರು ಅಂತ ಗೆರೆಗಳು. ಮಗನ ಚುಕ್ಕೆ ಎರಡು ಮತ್ತು ಮೂರರ ನಡುವೆ ಬಿತ್ತು. ಐದು ವರ್ಷದೊಳಗಿನ ಮಕ್ಕಳಿಗೆ ಎರಡರ ಗೆರೆ ದಾಟಿದರೆ ತೂಕ ಹೆಚ್ಚು ಅಂತ ಲೆಕ್ಕ. ಮೂರನ್ನು ದಾಟಿದರೆ ಬೊಜ್ಜು.

“ಇದು ಫಾರಿನ್ ಮಕ್ಕಳ ಲೆಕ್ಕ ಅಲ್ವಾ ಡಾಕ್ಟ್ರೇ?” ಅಂತ ನಾನು ಕೇಳಿದೆ. ನನ್ನೊಳಗೆ ಏನೋ ತಪ್ಪಿಸಿಕೊಳ್ಳಲು ನೋಡುತ್ತಿತ್ತು. ಅವರು ಇಲ್ಲ ಅಂದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2006ರಲ್ಲಿ ತಂದಾಗ ಆರು ದೇಶಗಳ ಮಕ್ಕಳನ್ನು ಅಳೆದಿತ್ತು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು.

ಆಮೇಲೆ ಒಂದೊಂದೇ ಕೇಳಿದರು. ಗೊರಕೆ ಹೊಡೆಯುತ್ತಾನಾ? ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ? ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿದೆಯಾ ಅಂತ ಕಾಲರ್ ಸರಿಸಿ ನೋಡಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ ಅಂತ ನಾನು ಕೇಳಿದ್ದಕ್ಕೆ, “ಎತ್ತರ ಸರಿಯಾಗಿ ಬೆಳೀತಾ ಉಂಟಲ್ಲ, ಹಾರ್ಮೋನ್ ತೊಂದರೆ ಇದ್ದರೆ ಸಾಮಾನ್ಯವಾಗಿ ಎತ್ತರ ನಿಂತು ಹೋಗ್ತದೆ” ಅಂದರು. ಕೊನೆಗೆ ಹೇಳಿದ ಮಾತನ್ನು ನಾನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. “ಇವನ ತೂಕ ಇಳಿಸ್ಲಿಕ್ಕೆ ಹೋಗ್ಬೇಡಿ. ಪಥ್ಯ ಮಾಡಿಸ್ಬೇಡಿ. ತೂಕ ಅಲ್ಲೇ ಇರ್ಲಿ, ಎತ್ತರ ಬೆಳೀಲಿ. ಮೊದಲು ಮೂರು ದಿನ ಅವನು ಎಂತ ಮಾಡ್ತಾನೆ ಅಂತ ಗಂಟೆ ಪ್ರಕಾರ ಬರೀರಿ.”

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮಗನನ್ನು ಹಗಲು ನೋಡಿಕೊಳ್ಳುವುದು ನನ್ನ ಅಮ್ಮ. ಹೆಂಡತಿ ಬ್ಯಾಂಕಿನಲ್ಲಿ, ನಾನು ಮನೆಯಿಂದಲೇ ಅಂಗಡಿಗಳ ಲೆಕ್ಕಪತ್ರ ನೋಡುವವನು. ಅಮ್ಮ ಪುತ್ತೂರು ಕಡೆಯ ಹಳ್ಳಿಯಿಂದ ಮೊಮ್ಮಗನಿಗಾಗಿಯೇ ಮಂಗಳೂರಿನ ಬಿಜೈಯ ಈ ಐದನೇ ಮಾಳಿಗೆಯ ಫ್ಲಾಟಿಗೆ ಬಂದವರು. ಅವರು ಏನೂ ಮಾತಾಡದೆ ಒಳಗೆ ಹೋದರು. ರಾತ್ರಿ ಪಾತ್ರೆ ತೊಳೆಯುತ್ತಾ, “ಮಗು ಗುಂಡುಗುಂಡಾಗಿ ಚಂದ ಉಂಟು ಅಂತ ಎಲ್ಲರೂ ಹೇಳುವುದು. ದೃಷ್ಟಿ ತಾಗಿದ್ದು ಅಷ್ಟೇ. ನಿನ್ನನ್ನು ಸಾಕುವಾಗ ನನ್ನ ಹತ್ತಿರ ಕೊಡ್ಲಿಕ್ಕೆ ಎಂತ ಇತ್ತು ಮಗಾ? ಗಂಜಿ, ಉಪ್ಪಿನಕಾಯಿ. ಈಗ ಕೊಡುವ ಹಾಗೆ ಉಂಟು, ಕೊಡ್ತೇನೆ. ಅದೂ ತಪ್ಪಾ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಪ್ರೀತಿ ಇದ್ದದ್ದೇ ಆ ತುತ್ತಿನಲ್ಲಿ. ಅದನ್ನು ತಪ್ಪು ಅಂತ ಹೇಗೆ ಹೇಳುವುದು?

ಲೆಕ್ಕ ಬರೆಯುವುದು ನನ್ನ ಕೆಲಸ. ಹೊಸ ನೋಟ್‌ಬುಕ್ ತೆಗೆದು ಗೆರೆ ಹಾಕಿದೆ. ಕೂತ ಹೊತ್ತು, ಮಲಗಿದ ಹೊತ್ತು, ಪರದೆಯ ಎದುರು ಇದ್ದ ಹೊತ್ತು, ಮೈ ಆಡಿಸಿದ ಹೊತ್ತು. ಶುಕ್ರವಾರ, ಶನಿವಾರ, ಭಾನುವಾರ ಬರೆದೆ.

ಶುಕ್ರವಾರದ ಪುಟ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಎದ್ದು ಸೋಫಾ. ಫೋನಿನಲ್ಲಿ ಕಾರ್ಟೂನ್ ನೋಡುತ್ತಾ ಅಜ್ಜಿ ಕೈಯಿಂದ ಮೂರು ದೋಸೆ, 35 ನಿಮಿಷ. ಲಿಫ್ಟಿನವರೆಗೆ ನನ್ನ ಸೊಂಟದ ಮೇಲೆ. ಕಾರಿನಲ್ಲಿ 15 ನಿಮಿಷ, ಬೆಲ್ಟ್ ಹಾಕಿ. ನರ್ಸರಿಯಲ್ಲಿ ಮೂರು ಗಂಟೆ, ಮಳೆ ಅಂತ ಒಳಗೇ, ಚಾಪೆಯ ಮೇಲೆ. ಮತ್ತೆ ಕಾರು. ಊಟ, ಮತ್ತೆ ಫೋನು. ಎರಡು ಗಂಟೆ ನಿದ್ದೆ. ಎದ್ದ ಮೇಲೆ ಹಾಲಿಗೆ ಪುಡಿ ಹಾಕಿ ಒಂದು ದೊಡ್ಡ ಲೋಟ, ಬಿಸ್ಕತ್ತು, ಟಿವಿ. ಸಂಜೆ ಸ್ವಲ್ಪ ಹೊತ್ತು ಹಾಲ್‌ನಲ್ಲಿ ಚೆಂಡು. ಒಟ್ಟು ಮೈ ಆಡಿಸಿದ್ದು 45 ನಿಮಿಷ. ಪರದೆ 2 ಗಂಟೆ 50 ನಿಮಿಷ.

ನಾನು ಅವನನ್ನು ಚುರುಕಿನ ಹುಡುಗ ಅಂದುಕೊಂಡಿದ್ದೆ. ಮಾತು ಜಾಸ್ತಿ, ಅದಕ್ಕೆ ಹಾಗೆ ಅನ್ನಿಸಿರಬೇಕು.

ಭಾನುವಾರ ಹೆಂಡತಿ ಆ ಪುಸ್ತಕದ ಹಿಂದಿನ ಪುಟದಲ್ಲಿ ಬೇರೇನೋ ಗೀಟು ಹಾಕುತ್ತಿದ್ದಳು. ರಾತ್ರಿ ತೋರಿಸಿದಳು. ಆ ದಿನ ನಾವು ಮೂವರು ಸೇರಿ ಮಗನಿಗೆ “ಓಡ್ಬೇಡ” ಅಂತ ಹೇಳಿದ್ದು 23 ಸಲ. ಓಡ್ಬೇಡ, ಬೀಳ್ತೀಯ. ಓಡ್ಬೇಡ, ಕೆಳಗಿನ ಮನೆಯವರು ಬೈತಾರೆ. ಓಡ್ಬೇಡ, ಬೆವರು ಬರ್ತದೆ, ಶೀತ ಆಗ್ತದೆ. ಹಾರ್ಬೇಡ, ಹತ್ಬೇಡ ಅಂದದ್ದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಗೀಟುಗಳನ್ನು ನೋಡಿದಾಗ ನನಗೆ ಆದ ಸಂಕಟ ದೊಡ್ಡದು. ಕೆಲವು ಮಕ್ಕಳು ಹುಟ್ಟುವಾಗಲೇ ಸ್ವಲ್ಪ ದಪ್ಪ, ಮನೆತನದ ಮೈಕಟ್ಟು ಅಂತೆಲ್ಲ ನಾನು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡಿದ್ದೆ. ಅದೂ ಸ್ವಲ್ಪ ನಿಜ ಇರಬಹುದು. ಆದರೆ ಓಡಲು ಹೊರಟ ಮಗುವನ್ನು ದಿನಕ್ಕೆ 23 ಸಲ ತಡೆದವರು ನಾವು.

ಪುಸ್ತಕ ಹಿಡಿದುಕೊಂಡು ಮತ್ತೆ ಹೋದೆವು. ಡಾಕ್ಟರು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿಯೇ ಕೊಟ್ಟ ಸೂಚನೆಗಳನ್ನು ಹೇಳಿದರು. ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು. ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಏರುವ ಹಾಗೆ. ಪರದೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಕಾರಿನ ಸೀಟು, ಕೈಗಾಡಿ ಅಂತ ಒಂದೇ ಕಡೆ ಕಟ್ಟಿ ಕೂರಿಸುವುದು ಒಂದು ಸಲಕ್ಕೆ ಒಂದು ಗಂಟೆ ಮೀರಬಾರದು. ನಿದ್ದೆ ಹಗಲಿನದ್ದೂ ಸೇರಿ 10ರಿಂದ 13 ಗಂಟೆ.

ಮೂರು ಗಂಟೆ! ನಮಗೆ ಎಲ್ಲಿಂದ ತರುವುದು ಅನ್ನಿಸಿತು. “ವ್ಯಾಯಾಮ ಅಂತ ಯೋಚನೆ ಮಾಡ್ಬೇಡಿ” ಅಂದರು ಅವರು. “ನಡೆಯುವುದು, ಮೆಟ್ಟಿಲು ಹತ್ತುವುದು, ಬಕೆಟಿನಿಂದ ನೀರು ಮೊಗೆಯುವುದು, ಎಲ್ಲ ಲೆಕ್ಕಕ್ಕೆ ಬರ್ತದೆ. ಈ ವಯಸ್ಸಿನ ಮಕ್ಕಳು ಐದು ನಿಮಿಷ ಓಡಿ ಎರಡು ನಿಮಿಷ ಕೂತು ಮತ್ತೆ ಓಡ್ತಾರೆ. ಅವಕಾಶ ಕೊಟ್ಟರೆ ಆಯ್ತು.”

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಅದು ನಾವು ಹೆದರಿದ್ದಕ್ಕಿಂತ ಸುಲಭ ಇತ್ತು. ಹಾಲಿಗೆ ಹಾಕುವ ಪುಡಿ ನಿಲ್ಲಿಸಿದೆವು. ಡಬ್ಬದ ಹಿಂದೆ ಓದಿದರೆ ಅದರಲ್ಲಿ ಸಕ್ಕರೆಯೇ ಜಾಸ್ತಿ ಇತ್ತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವೇ ಇಂಥವನ್ನು ‘ಹೆಲ್ತ್ ಡ್ರಿಂಕ್’ ಅಂತ ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ನಮ್ಮ ಮನೆಗೆ ಆ ಸುದ್ದಿ ತಲುಪಿರಲಿಲ್ಲ. ಪ್ಯಾಕೆಟ್ ಜ್ಯೂಸ್, ಬಿಸ್ಕತ್ತು ಮನೆಗೆ ತರುವುದು ಬಿಟ್ಟೆವು. ಬನ್ಸ್, ಗೋಳಿಬಜೆ ಬಿಡಲಿಲ್ಲ. ಭಾನುವಾರ ಒಂದು ತಿಂದರೆ ತಿನ್ನಲಿ. ದೊಡ್ಡ ಬದಲಾವಣೆ ಅಂದರೆ ಫೋನ್ ಇಲ್ಲದೆ, ತನ್ನ ಕೈಯಿಂದ ತಾನೇ ಊಟ. ಮೊದಲ ವಾರ ಅನ್ನ ನೆಲದಲ್ಲಿ, ಅಜ್ಜಿ ಕಣ್ಣಲ್ಲಿ ನೀರು. ಮೂರನೇ ವಾರ ನೋಡಿದರೆ ಒಂದೂವರೆ ದೋಸೆಗೆ ಅವನೇ “ಸಾಕು” ಅಂದ. ಇಷ್ಟು ದಿನ ಕಾರ್ಟೂನ್ ನೋಡುತ್ತಾ ಬಾಯಿ ತೆಗೆಯುತ್ತಿದ್ದವನಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತಲೇ ಇರಲಿಲ್ಲ ಅಂತ ಕಾಣುತ್ತದೆ.

ಕಷ್ಟ ಇದ್ದದ್ದು ಓಡಿಸುವುದರಲ್ಲಿ. ಮಂಗಳೂರಿನ ಜೂನ್, ಜುಲೈ ಅಂದರೆ ಗೊತ್ತಲ್ಲ. ಬಟ್ಟೆ ಒಣಗುವುದಿಲ್ಲ, ಮಗು ಎಲ್ಲಿ ಓಡುವುದು? ಕದ್ರಿ ಪಾರ್ಕ್ ಹತ್ತಿರವೇ ಇದೆ. ಆದರೆ ಮಳೆಗೆ ಅಲ್ಲಿ ಒದ್ದೆ, ಜಾರು. ನೀರಲ್ಲಿ ಆಡಲಿ ಅಂದರೆ ಚರಂಡಿ ನೀರು ರಸ್ತೆಗೆ ಬರುವ ಊರಿನಲ್ಲಿ ಇಲಿಜ್ವರದ ಹೆದರಿಕೆ. ಡೆಂಗಿಯ ಸೊಳ್ಳೆ ಬೇರೆ. ಈ ಹೆದರಿಕೆಗಳನ್ನು ಸುಳ್ಳು ಅಂತ ತಳ್ಳಿಹಾಕುವ ಹಾಗಿಲ್ಲ. 2019ರ ಮಳೆಗಾಲದಲ್ಲಿ ಈ ಊರು ಡೆಂಗಿಗೆ ಎಷ್ಟು ಒದ್ದಾಡಿತ್ತು ಅಂತ ಇಲ್ಲಿದ್ದವರಿಗೆಲ್ಲ ನೆನಪಿದೆ. ಮನೆಯೊಳಗೆ ಓಡಿದರೆ ನಾಲ್ಕನೇ ಮಾಳಿಗೆಯ ಆಂಟಿ ಫೋನ್ ಮಾಡುತ್ತಿದ್ದರು. ಅವರ ಮನೆಯಲ್ಲಿ ವಯಸ್ಸಾದವರು ಮಲಗಿರುತ್ತಿದ್ದರು. ಕಾರಿಡಾರ್‌ನಲ್ಲಿ ಮಕ್ಕಳು ಆಡಬಾರದು ಅಂತ ಕಟ್ಟಡದ ಬೋರ್ಡೇ ಇತ್ತು.

ನನಗೆ ಆಗ ಮೊದಲ ಸಲ ಅನ್ನಿಸಿತು, ನಾವು ಇಷ್ಟು ಫ್ಲಾಟ್ ಕಟ್ಟಿದ್ದೇವೆ, ಕಾರಿಗೆ ಗೆರೆ ಎಳೆದು ಜಾಗ ಬಿಟ್ಟಿದ್ದೇವೆ, ನಾಲ್ಕು ವರ್ಷದ ಮಗು ಹತ್ತು ಹೆಜ್ಜೆ ಓಡುವುದಕ್ಕೆ ಎಲ್ಲೂ ಜಾಗ ಇಟ್ಟಿಲ್ಲ.

ಮೊದಲು ಸಿಕ್ಕಿದ್ದು ಮೆಟ್ಟಿಲು. ಅದು ಅಮ್ಮನ ಉಪಾಯ. ಅವರು ದೇವರಿಗೆ ಹೂ ಕೊಯ್ಯಲು ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗೆ ಹೋಗುತ್ತಿದ್ದರು. ಕಾಂಪೌಂಡ್ ಬದಿಯಲ್ಲಿ ದಾಸವಾಳ, ನಂದಿಬಟ್ಟಲು ಇದೆ. ಒಂದು ದಿನ, “ಬಾ, ನೀನು ಕೊಯ್ದು ಕೊಡು, ನನಗೆ ಬಗ್ಲಿಕ್ಕೆ ಆಗುದಿಲ್ಲ” ಅಂತ ಕರೆದುಕೊಂಡು ಹೋದರು. ಇಳಿಯುವಾಗ ಮೆಟ್ಟಿಲು, ಹತ್ತುವಾಗ ಲಿಫ್ಟು. ಮಂಡಿನೋವಿನ ಅಮ್ಮ ಎರಡನೇ ಮಾಳಿಗೆಯವರೆಗೆ ನಡೆದು ಇಳಿದು ಅಲ್ಲಿಂದ ಲಿಫ್ಟ್ ಹತ್ತುತ್ತಿದ್ದರು. ಉಳಿದ ಎರಡು ಮಾಳಿಗೆ ನಾನು ಅವನ ಜೊತೆ ಇಳಿಯುತ್ತಿದ್ದೆ. ಆಗಸ್ಟ್ ಹೊತ್ತಿಗೆ ಅವನು ಹತ್ತುವುದನ್ನೂ ಶುರು ಮಾಡಿದ. ಮೂರನೇ ಮಾಳಿಗೆಯಲ್ಲಿ ಒಂದು ಸಲ ಕೂತುಕೊಂಡು, ಹೂವಿನ ಬುಟ್ಟಿ ನೋಡಿಕೊಂಡು, ಮತ್ತೆ ಹತ್ತುತ್ತಿದ್ದ. ಆ ಬುಟ್ಟಿ ಅವನ ಜವಾಬ್ದಾರಿ. ನನ್ನ ಚಾರ್ಟು, ನಿಮಿಷ ಯಾವುದೂ ಅವನಿಗೆ ಬೇಕಿರಲಿಲ್ಲ. ಅಜ್ಜಿಗೆ ಹೂ ಬೇಕು, ಅಷ್ಟೇ.

ಎರಡನೆಯದು ಟೆರೇಸ್. ಬೀಗದ ಕೈ ವಾಚ್‌ಮನ್ ಹತ್ತಿರ. ನೀರಿನ ಟ್ಯಾಂಕಿನ ಪಕ್ಕ ಶೀಟ್ ಹಾಕಿದ ಸ್ವಲ್ಪ ಜಾಗ ಇತ್ತು. ಅಸೋಸಿಯೇಷನ್ ಸೆಕ್ರೆಟರಿಯವರ ಹತ್ತಿರ ಹೋಗಿ, ದೊಡ್ಡವರು ಒಬ್ಬರು ಜೊತೆಗೇ ಇರುತ್ತೇವೆ, ಗೋಡೆಯ ಕಡೆ ಬಿಡುವುದಿಲ್ಲ ಅಂತ ಹೇಳಿ ಒಪ್ಪಿಸಿದೆ. ಜೋರು ಮಳೆ ನಿಂತ ಹೊತ್ತು ನೋಡಿ ರೈನ್‌ಕೋಟ್ ಹಾಕಿಸಿ ಮೇಲೆ. ಹಳದಿ ಬಣ್ಣದ ಹೊಸ ರೈನ್‌ಕೋಟ್ ಅದಕ್ಕೆಂದೇ ತಂದದ್ದು. ಹೊಟ್ಟೆಯ ಹತ್ತಿರ ಬಿಗಿ ಆಗುತ್ತದೆ ಅಂತ ಎರಡು ವರ್ಷ ದೊಡ್ಡ ಮಕ್ಕಳ ಅಳತೆಯದ್ದು. ತೋಳನ್ನು ಎರಡು ಮಡಿಕೆ ಮಡಚಬೇಕಿತ್ತು.

ಮೂರನೆಯದು ಹುಲಿವೇಷ. ಒಂದು ಸಂಜೆ ಕರೆಂಟ್ ಹೋಗಿ ಟಿವಿ ಇಲ್ಲದೆ ಅವನು ಅಳುತ್ತಿದ್ದ. ನಾನು ಫೋನನ್ನು ಕಪಾಟಿನ ಮೇಲಿಟ್ಟು ಹುಲಿ ಕುಣಿತದ ವಾದ್ಯ ತಾಸೆಯ ಬಡಿತ ಮಾತ್ರ ಹಾಕಿದೆ, ಚಿತ್ರ ಇಲ್ಲ. ಈ ಊರಿನ ಮಕ್ಕಳಿಗೆ ತಾಸೆ ಕೇಳಿದರೆ ಕಾಲು ನಿಲ್ಲುತ್ತದಾ? ಅಳು ಅರ್ಧಕ್ಕೆ ನಿಂತಿತು. ಮಂಡಿ ಬಗ್ಗಿಸಿ, ಕೈ ಪಂಜ ಮಾಡಿ, ಬೆನ್ನು ಬಾಗಿಸಿ, ಒಂದು ಹಾರು, ಒಂದು ತಿರುಗು. ಹತ್ತು ನಿಮಿಷದಲ್ಲಿ ಬೆವರಿ ಒದ್ದೆಯಾದ. ನೆಲದ ಮೇಲೆ ಹಾಸಿಗೆ ಹಾಸಿ ಕುಣಿಸಿದರೆ ಕೆಳಗಿನ ಮನೆಗೂ ಸದ್ದಿಲ್ಲ. ಆಮೇಲೆ ದಿನಾ ಸಂಜೆ ಆರಕ್ಕೆ ನಮ್ಮ ಹಾಲ್‌ನಲ್ಲಿ ಹುಲಿ. ಒಮ್ಮೆ ಹೆಂಡತಿಯೂ ಆಫೀಸಿನ ಸೀರೆಯಲ್ಲೇ ಸೇರಿಕೊಂಡಳು. ಆ ದಿನ ಮಗ ನಕ್ಕದ್ದು ನನ್ನ ಕಣ್ಣ ಮುಂದೆ ಈಗಲೂ ಇದೆ.

ನರ್ಸರಿಯಲ್ಲಿ ಮಾತಾಡಲು ಹೋದಾಗ ಹೊಸ ವಿಷಯ ತಿಳಿಯಿತು. ಮಳೆ ಇಲ್ಲದ ದಿನವೂ ಮಕ್ಕಳನ್ನು ಯಾಕೆ ಹೊರಗೆ ಬಿಡುವುದಿಲ್ಲ ಅಂತ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ. ಟೀಚರ್ ತಾಳ್ಮೆಯಿಂದ, “ಸರ್, ನಮಗೂ ಬಿಡಬೇಕು ಅಂತ ಉಂಟು. 2022ರ ಹೊಸ ಪಠ್ಯಕ್ರಮದ ಚೌಕಟ್ಟಿನಲ್ಲೂ ಈ ವಯಸ್ಸಿಗೆ ಆಟವೇ ಮುಖ್ಯ ಅಂತ ಉಂಟು. ಆದರೆ ಒಂದು ಮಗು ಮಂಡಿ ತರಚಿಕೊಂಡರೆ ಸಂಜೆ ಎಷ್ಟು ಫೋನ್ ಬರ್ತದೆ ಗೊತ್ತುಂಟಾ? ಯೂನಿಫಾರ್ಮ್ ಕೆಂಪು ಮಣ್ಣಾದರೆ ಬೇರೆ ಬೈಗುಳ” ಅಂದರು. ಹಿಂದಿನ ವರ್ಷ ಬಿಳಿ ಶರ್ಟಿಗೆ ಮಣ್ಣಾಯಿತು ಅಂತ ಡೈರಿಯಲ್ಲಿ ಬರೆದು ಕಳಿಸಿದವರಲ್ಲಿ ನಾವೂ ಇದ್ದೆವು.

ನಾನು ಬೇರೆ ತಂದೆ ತಾಯಂದಿರ ಹತ್ತಿರ ಮಾತಾಡಿದೆ. ಕೊನೆಗೆ ಎಂಟು ಮನೆಯವರು ಸೇರಿ ಒಂದು ಕಾಗದಕ್ಕೆ ಸಹಿ ಹಾಕಿದೆವು. ಮಕ್ಕಳು ಆಡುವಾಗ ಸಣ್ಣಪುಟ್ಟ ಪೆಟ್ಟಾದರೆ, ಬಟ್ಟೆ ಕೊಳೆಯಾದರೆ ನಮ್ಮ ದೂರು ಇಲ್ಲ, ಆಟಕ್ಕೆ ಬೇರೆ ಹಳೇ ಬಟ್ಟೆ ಕೊಡುತ್ತೇವೆ ಅಂತ. ದಸರಾ ರಜೆ ಕಳೆದ ಮೇಲೆ ದಿನಕ್ಕೆ ಅರ್ಧ ಗಂಟೆ ಅಂಗಳದಲ್ಲಿ ಆಟ ಶುರುವಾಯಿತು.

ಆದರೆ ಅದಕ್ಕೆ ಮೊದಲು ಒಂದು ಘಟನೆ ನಡೆಯಿತು.

ಸೆಪ್ಟೆಂಬರ್‌ನ ಒಂದು ಶನಿವಾರ, ಮಳೆ ಬಿಡುವು ಕೊಟ್ಟಿತ್ತು. ಪಾರ್ಕಿಗೆ ಹೋದೆವು. ನಾನು ಫೋನಿನಲ್ಲಿ ಒಂದು ಅಂಗಡಿಯವರ ಜಿಎಸ್‌ಟಿ ವಿಷಯ ಮಾತಾಡುತ್ತಿದ್ದೆ. ಅವನು ಓಡಿದ. ಪಾಚಿ ಇದ್ದ ಕಲ್ಲಿನ ಮೇಲೆ ಜಾರಿ ಕಟ್ಟೆಯ ಅಂಚಿಗೆ ಗಲ್ಲ ಬಡಿಯಿತು. ರಕ್ತ. ಎರಡು ಹೊಲಿಗೆ ಬಿತ್ತು. ಹೊಲಿಗೆ ಹಾಕುವಾಗ ಅವನ ಕೈ ಹಿಡಿದುಕೊಂಡವನು ನಾನು. ನನ್ನ ಬೆರಳುಗಳನ್ನು ಅವನು ಹಿಡಿದ ಬಿಗಿ ಎಷ್ಟು ದಿನವಾದರೂ ಹೋಗಲಿಲ್ಲ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಮ್ಮ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಟಿವಿ ಹಾಕಿದರು. ನಾನು ಬೇಡ ಅನ್ನಲಿಲ್ಲ. ಅದರ ಹಿಂದೆಯೇ ಜ್ವರ ಬಂತು. ಬಿಸ್ಕತ್ತು ಬಂತು. “ಓಡ್ಬೇಡ” ಮತ್ತೆ ಬಂತು. ಹೆಚ್ಚು ಹೇಳುತ್ತಿದ್ದವನು ನಾನೇ. ನೋಟ್‌ಬುಕ್ಕಿನಲ್ಲಿ ಮೂರು ವಾರ ಏನೂ ಬರೆದಿಲ್ಲ.

ಹೊಲಿಗೆ ಬಿಚ್ಚಿ ಹತ್ತು ದಿನ ಕಳೆದ ಮೇಲೆ, ಅಕ್ಟೋಬರ್ ಶುರುವಿನಲ್ಲಿ ಒಂದು ಸಂಜೆ ಅವನನ್ನು ಟೆರೇಸಿಗೆ ಕರೆದುಕೊಂಡು ಹೋದೆ. ಆಕಾಶ ಶುಭ್ರ ಇತ್ತು. ಕದ್ರಿ ಗುಡ್ಡದ ಕಡೆಯಿಂದ ಗಾಳಿ. ಅವನು ನನ್ನ ಕೈ ಬಿಟ್ಟು ಎರಡು ಹೆಜ್ಜೆ ಹೋಗಿ ನಿಂತ. ತಿರುಗಿ ನನ್ನ ಮುಖ ನೋಡಿದ. “ಪಪ್ಪ, ಓಡ್ಲಾ?” ಅಂತ ಕೇಳಿದ.

ನಾಲ್ಕು ವರ್ಷದ ಮಗು ಓಡಲು ಅಪ್ಪಣೆ ಕೇಳುತ್ತಿತ್ತು. ನನಗೆ ಗಂಟಲು ಕಟ್ಟಿತು. “ಓಡು ಮಗಾ” ಅಂದೆ. ಅವನು ಮತ್ತೆ ಕೇಳಿದ, “ಬಿದ್ರೆ?” “ಬಿದ್ರೆ ಎತ್ತುತ್ತೇನೆ” ಅಂದೆ. ಅವನ ಜೊತೆ ನಾನೂ ಟ್ಯಾಂಕಿನವರೆಗೆ ಓಡಿದೆ. ಅಂದಿನಿಂದ ಅವನ ಜೊತೆ ಹೊರಗೆ ಇರುವಾಗ ನಾನು ಫೋನ್ ತೆಗೆಯುವುದಿಲ್ಲ. ಪಾಚಿ ಇರುವ ಜಾಗ ಮೊದಲೇ ನಡೆದು ನೋಡುತ್ತೇನೆ. ಓಡಬೇಡ ಅನ್ನುವ ಕಡೆ “ಇಲ್ಲಿ ಜಾರ್ತದೆ, ಆ ಕಡೆ ಓಡು” ಅನ್ನುತ್ತೇವೆ. ಹೀಗೆ ಹೇಳುವುದನ್ನು ನಾವು ಮೂವರೂ ಅಭ್ಯಾಸ ಮಾಡಿಯೇ ಕಲಿಯಬೇಕಾಯಿತು.

ಅಕ್ಟೋಬರ್ ತಪಾಸಣೆಯಲ್ಲಿ 104.3 ಸೆಂಟಿಮೀಟರ್, 20.1 ಕಿಲೋ. ಚುಕ್ಕೆ ಇನ್ನೂ ಎರಡರ ಗೆರೆಯ ಮೇಲೆಯೇ, ಆದರೆ ಗೆರೆಗೆ ಹತ್ತಿರ. ನಾನು ಬೇಜಾರಾದೆ. ಡಾಕ್ಟರಿಗೆ ಬೇಜಾರಿರಲಿಲ್ಲ. ಮಕ್ಕಳ ಮೈಯ ಕೊಬ್ಬು ಒಂದು ವರ್ಷದ ನಂತರ ನಿಧಾನಕ್ಕೆ ಇಳಿಯುತ್ತಾ ಬಂದು, ಐದಾರು ವರ್ಷದ ಹೊತ್ತಿಗೆ ಅತಿ ಕಡಿಮೆಯಾಗಿ, ಅಲ್ಲಿಂದ ಮತ್ತೆ ಏರುತ್ತದಂತೆ. ಆ ಏರಿಕೆ ಬೇಗನೆ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಬರುವ ಸಾಧ್ಯತೆ ಜಾಸ್ತಿ. “ಅದಕ್ಕೇ ಈಗ ನೋಡಿಕೊಳ್ಳುವುದು. ನಿಮ್ಮ ಕೈಯಲ್ಲಿ ಇನ್ನೂ ಸಮಯ ಉಂಟು” ಅಂದರು.

ದಸರೆಗೆ ಕುದ್ರೋಳಿ ದೇವಸ್ಥಾನಕ್ಕೆ ಹೋದೆವು. ಮೈಗೆ ಬಣ್ಣ ಹಚ್ಚಿಸಬೇಕು ಅಂತ ಹಟ ಮಾಡಿದ. ಅಷ್ಟು ಹೊತ್ತು ನಿಲ್ಲುವುದು ಅವನಿಂದ ಆಗದು ಅಂತ ಮುಖವಾಡ ಮಾತ್ರ ಕೊಡಿಸಿದೆವು. ರಸ್ತೆ ಬದಿಯಲ್ಲಿ ಒಂದು ತಂಡ ಕುಣಿಯುತ್ತಿತ್ತು. ಅದರಲ್ಲಿ ಇವನಿಗಿಂತ ಸ್ವಲ್ಪ ದೊಡ್ಡ ಮರಿಹುಲಿ. ಇವನು ಅದರ ಎದುರು ನಿಂತು ಕುಣಿಯಲು ಶುರು ಮಾಡಿದ. ತಾಸೆಯವರು ಅವನನ್ನು ನೋಡಿ ಬಡಿತ ಏರಿಸಿದರು. ಅಮ್ಮ ಸೆರಗಿನಿಂದ ಅವನ ಬೆವರು ಒರೆಸಲು ಹೋಗಿ, ಅರ್ಧಕ್ಕೆ ಕೈ ಹಿಂದೆ ತೆಗೆದುಕೊಂಡರು. ಕುಣಿಯಲಿ ಅಂತ ಬಿಟ್ಟರು.

ಚಳಿಗಾಲದ ರಜೆಗೆ ಊರಿಗೆ ಹೋದಾಗ ಅಮ್ಮ ತೋಟದಿಂದ ಒಂದು ಅಗಲದ ಅಡಿಕೆ ಹಾಳೆ ತಂದರು. ನಮ್ಮ ಕಾಲದ ಗಾಡಿ ಅದು. ನಾನು ಮಗನನ್ನು ಕೂರಿಸಿ ಎಳೆಯಲು ಹೊರಟೆ. ಅಮ್ಮ, “ಅವನು ಕೂರುದು ಬೇಡ, ಅವನೇ ಎಳೀಲಿ. ತೆಂಗಿನಕಾಯಿ ಹಾಕು” ಅಂದರು. ಅಂಗಳದಿಂದ ಕೊಟ್ಟಿಗೆಯವರೆಗೆ, ಕೊಟ್ಟಿಗೆಯಿಂದ ಅಂಗಳಕ್ಕೆ, ನಾಲ್ಕು ತೆಂಗಿನಕಾಯಿ ಇಟ್ಟ ಹಾಳೆಯನ್ನು ಎಳೆದುಕೊಂಡು ಬೆಳಿಗ್ಗೆಯಿಂದ ಊಟದವರೆಗೆ ಓಡಾಡಿದ. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. “ನೀನೂ ಹೀಗೇ ಇದ್ದದ್ದು” ಅಂದರು. “ನಿನಗೆ ಕೊಡ್ಲಿಕ್ಕೆ ನನ್ನ ಹತ್ತಿರ ಎಂತ ಇರ್ಲಿಲ್ಲ ಅಂತ ನಾನು ಹೇಳಿದ್ದು. ಅಂಗಳ ಇತ್ತು ಮಾರಾಯ.”

ಮಂಗಳೂರಿಗೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಬೀಚಿಗೆ ಹೋಗುವುದು ಅಭ್ಯಾಸವಾಯಿತು. ನೀರಿಗೆ ಇಳಿಯುವುದಿಲ್ಲ. ಹೊಯಿಗೆಯಲ್ಲಿ ಓಡಿದರೇ ಸಾಕು, ಹತ್ತು ನಿಮಿಷದಲ್ಲಿ ನನಗೇ ಏದುಸಿರು ಬರುತ್ತದೆ. ಅವನು ಏಡಿಗಳ ಹಿಂದೆ ಓಡುತ್ತಾನೆ. ಕಾರಿನಿಂದ ದೋಣಿಯವರೆಗೆ ಎತ್ತಿಕೋ ಅಂತ ಅವನು ಕೇಳುವುದು ಯಾವಾಗ ನಿಂತಿತು ಅಂತ ನನಗೆ ನೆನಪಿಲ್ಲ.

ಫೆಬ್ರವರಿಯಲ್ಲಿ 106.6 ಸೆಂಟಿಮೀಟರ್, 19.9 ಕಿಲೋ. ಎಂಟು ತಿಂಗಳಲ್ಲಿ ತೂಕ ಇನ್ನೂರು ಗ್ರಾಂ ಏರಿದೆ, ಎತ್ತರ ನಾಲ್ಕೂವರೆ ಸೆಂಟಿಮೀಟರ್. ಚುಕ್ಕೆ ಎರಡರ ಗೆರೆಯ ಕೆಳಗೆ ಬಂದಿತ್ತು. ನೋಟ್‌ಬುಕ್ಕಿನಲ್ಲಿ ಆ ವಾರ ಮೈ ಆಡಿಸಿದ್ದು ದಿನಕ್ಕೆ ಎರಡೂಮುಕ್ಕಾಲು ಗಂಟೆ, ಕೆಲವು ದಿನ ಮೂರು ದಾಟಿದೆ. ಪರದೆ ಅರ್ಧ ಗಂಟೆಯಿಂದ ಮುಕ್ಕಾಲು. ಮುಂದಿನ ತಪಾಸಣೆ ಆಗಸ್ಟ್‌ನಲ್ಲಿ.

ಟೆರೇಸಿನಲ್ಲಿ ಈಗ ಐದು ಮಕ್ಕಳು. ನಾಲ್ಕನೇ ಮಾಳಿಗೆಯ ಆಂಟಿ ತಮ್ಮ ಮೊಮ್ಮಗಳನ್ನು ಅವರೇ ಕರೆದುಕೊಂಡು ಬರುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಹಂಚಿಕೊಂಡಿದ್ದೇವೆ. ಬುಧವಾರ ಮತ್ತು ಶುಕ್ರವಾರ ನನ್ನದು.

ಮೊನ್ನೆ ಮೇ ಕೊನೆಯಲ್ಲಿ ಮೊದಲ ಮಳೆ ಬಂತು. ಕಪಾಟಿನಿಂದ ಹಳದಿ ರೈನ್‌ಕೋಟ್ ತೆಗೆದು ಹಾಕಿಸಿದೆ. ಹೊಟ್ಟೆಯ ಹತ್ತಿರ ಗುಂಡಿ ಹಾಕಿದ ಮೇಲೂ ನನ್ನ ಕೈ ಒಳಗೆ ಹೋಗುವಷ್ಟು ಸಡಿಲ ಇತ್ತು. ಹೋದ ವರ್ಷ ಎರಡು ಮಡಿಕೆ ಮಡಚಿದ್ದ ತೋಳನ್ನು ಈಗ ಒಂದೇ ಮಡಿಕೆ ಮಡಚಿದರೆ ಸಾಕಾಯಿತು. ಬಾಗಿಲ ಹತ್ತಿರ ಅಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಅವನು ಅದನ್ನು ಕಸಿದುಕೊಂಡು ಮೆಟ್ಟಿಲಿನ ಕಡೆ ಓಡಿದ, ಯಾರನ್ನೂ ಕೇಳಲಿಲ್ಲ.